ಉಪ್ಪು ಹಚ್ಚಿಟ್ಟ ಅಕ್ಕಿ

ಬೆಳಗಿನ ಐದರ ಬ್ಯಾಚಿಗೆ ಗುರುತ್ವ,
ಆರೂವರೆಯ ಬ್ಯಾಚಿಗೆ ಬೆಳಕು,
ನಡುವಿನ ಹದಿನೈದು ನಿಮಿಷದಲ್ಲಿ ಕುಕ್ಕರ್ ಇಟ್ಟು
ಮೂರನೇ ಸೀಟಿಗೆ ಮುಂಚೆ ಜಡೆ ಹೆಣೆದು
(ಮಗಳದು; ನನ್ನದಕ್ಕೆ ಕ್ಲಿಪ್ಪು ಸಾಕು)
ಹತ್ತಕ್ಕೆ ಕಾಲೇಜು, ಐದಕ್ಕೆ ಮತ್ತೆ ಬ್ಯಾಚು.
ವಿದ್ಯಾನಗರದ ಯಾವ ಹಂಪು ಎಷ್ಟು ಸೆಕೆಂಡು ತಿನ್ನುತ್ತದೆಂದು
ನನ್ನ ಸ್ಕೂಟಿಗೆ ಬಾಯಿಪಾಠ.

ಕಳೆದ ವರ್ಷದ ಹುಡುಗರು ಕೊಡಿಸಿದ ವಾಚು
ಮಣಿಕಟ್ಟಿನ ಮೇಲೆ ಕೂತು ಲೆಕ್ಕ ಬರೆಯುತ್ತದೆ.
ಎದ್ದ ಕೂಡಲೇ, ರಾತ್ರಿಯ ನಿದ್ದೆಗೆ ನೂರಕ್ಕೆ ಐವತ್ತೆಂಟು.
ಜಸ್ಟ್ ಪಾಸಾದವಳ ಹಾಗೆ ನಾಚಿ
ಮಾರನೇ ರಾತ್ರಿ ಇನ್ನೂ ಚೆನ್ನಾಗಿ ಮಲಗಲು
ಕಣ್ಣು ಬಿಗಿದು ಪ್ರಯತ್ನಿಸುತ್ತೇನೆ.
ಐವತ್ತೊಂದು.

ಮೊನ್ನೆ ಗುರುವಾರ ಸಂಜೆ ಐದು ನಿಮಿಷ ಉಳಿಸಲು
ಮಂಡಕ್ಕಿ ಭಟ್ಟಿಗಳ ಓಣಿಗೆ ತಿರುಗಿಸಿದೆ.
ಮೊಳೆ.
ಪಂಕ್ಚರ್ ಹುಡುಗ ಹಿಂದಿನ ಚಕ್ರ ಬಿಚ್ಚಿ
"ಅರ್ಧ ತಾಸು, ಮೇಡಂ" ಅಂದ,
ಅರ್ಧ ತಾಸು ಅಂದರೆ ಏನೂ ಅಲ್ಲ ಅನ್ನುವ ಹಾಗೆ.

ಪಕ್ಕದ ಭಟ್ಟಿಯ ಗೋಡೆಗೆ
ಹಳೇ ಬಾಣಲೆಯ ಬೆನ್ನಿನ ಬಣ್ಣ.
ಒಳಗೆ ಕಾದ ಮರಳಿಗೆ ಬಿದ್ದ ಅಕ್ಕಿ
ಸರ್ರನೆ ನಕ್ಕು ಬೆಳ್ಳಗಾಗುತ್ತಿತ್ತು.
ಹೊರಗೆ ಕಟ್ಟೆಯ ಮೇಲೆ ಖಾಸಿಂಬಿ,
ಕಾಲು ಚಾಚಿ, ಸೆರಗಿನ ತುಂಬ ಬೂದಿ,
ಕೈಯಲ್ಲಿ ಏನೂ ಇಲ್ಲ.
ಹೂ ಕಟ್ಟುತ್ತಿಲ್ಲ, ಸೊಪ್ಪು ಬಿಡಿಸುತ್ತಿಲ್ಲ,
ಫೋನು ಕೂಡ ಇಲ್ಲ.
ಹೆಂಗಸೊಬ್ಬಳು ಬರಿಗೈಲಿ ಕೂತದ್ದನ್ನು
ನಾನು ಕಂಡು ಎಷ್ಟು ಕಾಲವಾಯಿತು!

"ಕೆಲಸ ಇಲ್ವಾ?" ಅಂದುಬಿಟ್ಟೆ.
"ಐತಲ್ಲ," ಮೂಲೆಗೆ ಗದ್ದ ತೋರಿದಳು.
ಉಪ್ಪು ಹಚ್ಚಿ, ಗೋಣಿತಾಟು ಹೊದಿಸಿಟ್ಟ ಅಕ್ಕಿ.
"ಅದು ಸುಮ್ನೆ ಕುಂದರಬೇಕು. ಅವಸರ ಮಾಡಿದ್ರೆ
ಅರಳಂಗಿಲ್ಲ, ಕರಕಾಗ್ತೈತಿ."

ಸಿಕ್ಕಿತು! ಅಂದುಕೊಂಡೆ.
ವಿಶ್ರಾಂತಿ ಎಂದರೆ ಅರಳುವ ಮುಂಚಿನ ತಯಾರಿ.
ನಾಳೆ ಐದರ ಬ್ಯಾಚಿಗೆ ಹೇಳಲೇಬೇಕು.
ಪರ್ಸಿನಿಂದ ಪೆನ್ನು ತೆಗೆದು
ಫೀಸಿನ ರಸೀದಿಯ ಬೆನ್ನಿಗೆ ಬರೆದೂ ಆಯಿತು.
"ಅದಕ್ಕೇ ನೀವೂ ಕೂತಿದ್ದೀರಿ ಅಲ್ವಾ,
ಆಮೇಲೆ ಕೆಲಸ ಚುರುಕಾಗಲಿ ಅಂತ?"

ಚಿಲ್ಲರೆ ತಪ್ಪೆಣಿಸಿದವರನ್ನು ನೋಡುವ ಹಾಗೆ
ನನ್ನನ್ನು ನೋಡಿದಳು.
"ಅದು ಅಕ್ಕಿ ಮಾತಮ್ಮ.
ನಾನೇನು ಅರಳಬೇಕಾಗೈತಿ?
ಕುಂತೀನಿ. ಕುಂತೀನಿ ಅಷ್ಟೆ."
ಸ್ವಲ್ಪ ಸರಿದು ಜಾಗ ಬಿಟ್ಟಳು.

ಹದಿನೇಳು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ:
ದಿನವಿಡೀ ತಳ್ಳಿದರೂ ಗೋಡೆ ಸರಿಯದಿದ್ದರೆ
ಮಾಡಿದ ಕೆಲಸ ಸೊನ್ನೆ.
ಹಿಂದಿನ ಬೆಂಚು ಪ್ರತಿ ವರ್ಷ ನಗುತ್ತದೆ.
ಆ ಸೊನ್ನೆಗೆ ಎರಡು ಅಂಕ.

ಗೋಡೆಗೆ ಒರಗಿದೆ.
ಭಟ್ಟಿಯ ಶಾಖ ಇಟ್ಟಿಗೆ ದಾಟಿ, ಸೀರೆ ದಾಟಿ
ತನ್ನ ಪಾಡಿಗೆ ಬೆನ್ನಿಗೆ ಬಂತು.
ಗೋಡೆ ಸರಿಯಲಿಲ್ಲ. ನಾನೂ.

ವಾಚು ನಡುಗಿತು: ಎದ್ದು ನಡೆಯುವ ಹೊತ್ತು.
ಫೋನು ನಡುಗಿತು: ಮಿಸ್, ಎಲ್ಲಿದ್ದೀರಾ?
"ಇಲ್ಲೇ" ಅಂತ ಕಳಿಸಿದೆ.
ಎದುರಿಗೆ ಟೆಂಪೋಗೆ ಮಂಡಕ್ಕಿ ಚೀಲ ಹೇರುತ್ತಿದ್ದರು.
ಒಂದೊಂದೂ ಆಳೆತ್ತರ, ಮಗುವಿನಷ್ಟು ತೂಕ.
ಕೈಬಾಯಿ ಸುಮ್ಮನಿರದೆ ಎಣಿಸತೊಡಗಿದೆ.
ಹನ್ನೊಂದೋ ಹನ್ನೆರಡೋ ಆದಮೇಲೆ
ತಪ್ಪಿತು.
ಮೊದಲಿಂದ ಎಣಿಸಲಿಲ್ಲ.

ಚಕ್ರ ಯಾವಾಗಲೋ ಸಿದ್ಧವಾಗಿತ್ತಂತೆ.
ಕೀ ಹಿಡಿದು ಬಂದ ಹುಡುಗನನ್ನು ಖಾಸಿಂಬಿ
ಕಣ್ಣಲ್ಲೇ ವಾಪಸ್ಸು ಕಳಿಸಿದಳಂತೆ.
ನಾನು ಮಲಗಿರಲಿಲ್ಲ. ಎಚ್ಚರವಿದ್ದೆ ಅನ್ನಲೂ ಆರೆ.

ಮರುದಿನ ನಾಲ್ಕಕ್ಕೇ ಎದ್ದೆ, ಅದು ಬೇರೆ ಮಾತು.
ರಸೀದಿಯ ಬೆನ್ನಿನ ವಾಕ್ಯವನ್ನು ಯಾರಿಗೂ ಹೇಳಲಿಲ್ಲ.
ವಾಚಿನಲ್ಲಿ ಗುರುವಾರದ ಸಂಜೆ ತೆರೆದು ನೋಡಿದೆ:
ಹಸಿರಿಲ್ಲ, ಕೆಂಪಿಲ್ಲ, ಅಂಕವೂ ಇಲ್ಲ.
ಬೂದಿ ಬಣ್ಣದ ಒಂದು ಗೆರೆ.